ದೊಡ್ಡ ವೆಬ್‌ಸೈಟ್‌ಗೆ ಮೆನು ಕಟ್ಟುವ ಕ್ರಮ: ವಿಶ್ವವಿದ್ಯಾಲಯದ ಸೈಟ್ ಇಟ್ಟುಕೊಂಡು ಹಂತ ಹಂತವಾಗಿ

ಹೊಸ ವೆಬ್‌ಸೈಟ್ ಬಂದಿದೆ, ಬಣ್ಣ ಚೆನ್ನಾಗಿದೆ, ಮೆನು ನಯವಾಗಿ ತೆರೆದುಕೊಳ್ಳುತ್ತದೆ. ಆದರೂ ಫಲಿತಾಂಶದ ದಿನ ಪರೀಕ್ಷಾ ವಿಭಾಗದ ಫೋನ್ ಸುಮ್ಮನಿರುವುದಿಲ್ಲ. "ಸಾರ್, ರಿಸಲ್ಟ್ ಎಲ್ಲಿ ಹಾಕಿದ್ದೀರಿ?" ಎಂದು ಕೇಳುವವರೇ ಎಲ್ಲ. ರಿಸಲ್ಟ್ ಸೈಟಿನಲ್ಲೇ ಇರುತ್ತದೆ. ಮೆನುವಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಅಷ್ಟೇ.

ಇಂಥ ಮೆನುಗಳನ್ನು ಬಿಚ್ಚಿ ನೋಡಿದರೆ ಬಹುಪಾಲು ಒಂದೇ ಕಾರಣ ಕಾಣುತ್ತದೆ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿರುತ್ತಾರೆ. ಫಿಗ್ಮಾದಂಥ ವಿನ್ಯಾಸದ ಸಾಫ್ಟ್‌ವೇರ್ ತೆರೆದು ಚೆಂದದ ಮೆನು ಬಿಡಿಸುತ್ತಾರೆ, ಆಮೇಲೆ ಇರುವ ಪುಟಗಳನ್ನೆಲ್ಲ ಅದರೊಳಗೆ ತುರುಕುತ್ತಾರೆ. ಹಾಗಾಗಿ ಈ ಬರಹದಲ್ಲಿ ನಾನು ಜಾಸ್ತಿ ಒತ್ತು ಕೊಡುವುದು ಕ್ರಮಕ್ಕೆ. ಪರದೆಯ ಮೇಲೆ ಮೆನು ಬಿಡಿಸುವ ಮಾತು ಏಳನೇ ಹಂತದವರೆಗೆ ಬರುವುದಿಲ್ಲ. ಅದಕ್ಕೂ ಮೊದಲು ಬಿಡಿಸಲು ಕೂರಬೇಡಿ.

ಉದಾಹರಣೆಗೆ ನಮ್ಮ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಸೈಟ್ ಅಂದುಕೊಳ್ಳೋಣ. ಎರಡು ಭಾಷೆ, ಹತ್ತಾರು ವಿಭಾಗ, ಸಂಯೋಜಿತ ಕಾಲೇಜುಗಳು, ಪರೀಕ್ಷೆ, ಟೆಂಡರ್, ಮಾಹಿತಿ ಹಕ್ಕು, ಜೊತೆಗೆ ಯುಯುಸಿಎಂಎಸ್ (ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ ನೋಡಿಕೊಳ್ಳುವ ಸರ್ಕಾರಿ ಪೋರ್ಟಲ್), ಡಿಜಿಲಾಕರ್‌ನಂಥ ಹೊರಗಿನ ತಾಣಗಳಿಗೆ ಲಿಂಕ್. ಮೆನುವಿಗೆ ಬರಬಹುದಾದ ಕಷ್ಟಗಳೆಲ್ಲ ಇಲ್ಲಿ ಒಟ್ಟಿಗೇ ಸಿಗುತ್ತವೆ. ಆಸ್ಪತ್ರೆ, ಸಹಕಾರಿ ಬ್ಯಾಂಕ್, ಜಿಲ್ಲಾ ಪಂಚಾಯಿತಿ ಯಾವುದಿದ್ದರೂ ಕ್ರಮ ಇದೇ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ಸ್ಪ್ರೆಡ್‌ಶೀಟ್. ಗೂಗಲ್ ಶೀಟ್ಸ್ ಆದರೂ ಸರಿ, ಲಿಬ್ರೆ ಆಫೀಸ್ ಆದರೂ ಸರಿ. ಸೈಟಿನ ಲಿಂಕ್‌ಗಳನ್ನೆಲ್ಲ ತಾನೇ ಹುಡುಕಿ ಪಟ್ಟಿ ಮಾಡುವ ಸಾಫ್ಟ್‌ವೇರ್ ಬೇಕು. ಸ್ಕ್ರೀಮಿಂಗ್ ಫ್ರಾಗ್ ಚೆನ್ನಾಗಿದೆ, ಉಚಿತ ಆವೃತ್ತಿಯಲ್ಲಿ 500 ವಿಳಾಸಗಳವರೆಗೆ ನೋಡುತ್ತದೆ. ಗೂಗಲ್ ಸರ್ಚ್ ಕನ್ಸೋಲ್‌ನ ಲಾಗಿನ್ ಬೇಕು. ಪೋಸ್ಟ್‌ಕಾರ್ಡ್ ಗಾತ್ರದ ದಪ್ಪ ಕಾಗದದ ಚೀಟಿಗಳು, ಒಂದು ಸ್ಕೆಚ್ ಪೆನ್. ಕೊನೆಯ ಹಂತಗಳಿಗೆ ಒಂದು ಸಾಧಾರಣ ಆಂಡ್ರಾಯ್ಡ್ ಫೋನ್, ಮತ್ತು ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನದನ್ನು ದನಿಯಲ್ಲಿ ಓದಿ ಹೇಳುವ ಸಾಫ್ಟ್‌ವೇರ್.

ಇದೆಲ್ಲಕ್ಕಿಂತ ಮುಖ್ಯವಾದದ್ದು ಒಬ್ಬ ಅಧಿಕಾರಿ. "ಈ ಲಿಂಕ್ ಮೆನುವಿನಲ್ಲಿ ಬೇಡ" ಎಂದು ಹೇಳಿದರೆ ಆ ಮಾತು ನಡೆಯಬೇಕು, ಅಂಥವರು. ಇವರಿಲ್ಲದೆ ಕೆಲಸ ಒಪ್ಪಿಕೊಂಡರೆ ಐದನೇ ಹಂತದ ಹೊತ್ತಿಗೆ ಪ್ರತಿ ವಿಭಾಗವೂ ತನ್ನ ಹೆಸರು ಮೇಲಿನ ಸಾಲಿನಲ್ಲೇ ಬರಬೇಕು ಎಂದು ಪತ್ರ ಬರೆಯುತ್ತದೆ.

## ಹಂತ 1: ಇರುವುದನ್ನೆಲ್ಲ ಪಟ್ಟಿ ಮಾಡಿ

ಸಾಫ್ಟ್‌ವೇರ್ ಓಡಿಸಿ, ಬಂದ ವಿಳಾಸಗಳನ್ನು ಶೀಟಿಗೆ ಹಾಕಿ. ಪ್ರತಿ ಸಾಲಿಗೂ ಈ ಕಾಲಂಗಳು ಬೇಕು: ಪುಟದ ಹೆಸರು, ವಿಳಾಸ, ಭಾಷೆ, ಪುಟವೋ ಪಿಡಿಎಫೋ, ಕೊನೆಯ ಬಾರಿ ಬದಲಾದದ್ದು ಯಾವಾಗ, ಜವಾಬ್ದಾರಿ ಯಾರದ್ದು, ಮತ್ತು ತೀರ್ಮಾನ. ತೀರ್ಮಾನದಲ್ಲಿ ಮೂರೇ ಮಾತು: ಇರಲಿ, ಇನ್ನೊಂದರ ಜೊತೆ ಸೇರಲಿ, ಹೋಗಲಿ.

ಪಿಡಿಎಫ್‌ಗಳ ಹತ್ತಿರ ಸ್ವಲ್ಪ ನಿಲ್ಲಿ. ವಿಶ್ವವಿದ್ಯಾಲಯದ ಸೈಟಿನಲ್ಲಿ ಅರ್ಧ ವಿಷಯ ಇರುವುದೇ ಸುತ್ತೋಲೆಯ ಪಿಡಿಎಫ್‌ಗಳಲ್ಲಿ. ಹಳೆಯವು ಹಲವು ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಟೈಪಾಗಿರುತ್ತವೆ, ಇಲ್ಲವೇ ಸ್ಕ್ಯಾನ್ ಮಾಡಿದ ಚಿತ್ರಗಳಾಗಿರುತ್ತವೆ. ಕಣ್ಣಿಗೆ ಕನ್ನಡ ಕಂಡರೂ ಸೈಟಿನ ಹುಡುಕಾಟಕ್ಕೆ ಅವು ಸಿಗುವುದಿಲ್ಲ. ಅಂಥವನ್ನು ಶೀಟಿನಲ್ಲಿ ಬೇರೆ ಬಣ್ಣ ಹಚ್ಚಿ ಗುರುತಿಸಿ. ಹುಡುಕಾಟದಿಂದ ಸಿಗದ ವಿಷಯವನ್ನು ಮೆನುವಿನ ಮೂಲಕವೇ ತಲುಪಿಸಬೇಕಾಗುತ್ತದೆ, ಇಲ್ಲವಾದರೆ ಅದನ್ನು ಯೂನಿಕೋಡ್ ಪುಟವಾಗಿ ಮತ್ತೆ ಟೈಪ್ ಮಾಡಿಸಬೇಕು.

ಎಚ್ಚರಿಕೆಯ ಗುರುತು: "ಜವಾಬ್ದಾರಿ ಯಾರದ್ದು" ಎಂಬ ಕಾಲಂ ಖಾಲಿ ಉಳಿದ ಸಾಲುಗಳು. ಯಾರೂ ನೋಡಿಕೊಳ್ಳದ ಪುಟಕ್ಕೆ ಮೆನುವಿನಲ್ಲಿ ಜಾಗ ಕೊಟ್ಟರೆ, ಮುಂದಿನ ವರ್ಷವೂ ಅಲ್ಲಿ ಹಳೆಯ ಶುಲ್ಕದ ಪಟ್ಟಿಯೇ ಇರುತ್ತದೆ.

## ಹಂತ 2: ಜನ ಯಾವ ಕೆಲಸಕ್ಕೆ ಬರುತ್ತಾರೆ ಎಂದು ತಿಳಿದುಕೊಳ್ಳಿ

ಇದಕ್ಕೆ ಮೂರು ಕಡೆ ನೋಡಬೇಕು.

ಮೊದಲನೆಯದು ಸರ್ಚ್ ಕನ್ಸೋಲ್. ಜನ ಗೂಗಲ್‌ನಲ್ಲಿ ಏನು ಟೈಪ್ ಮಾಡಿ ನಿಮ್ಮ ಸೈಟಿಗೆ ಬಂದರು ಎಂಬುದು ಅಲ್ಲಿ ಸಿಗುತ್ತದೆ. 16 ತಿಂಗಳವರೆಗಿನ ಲೆಕ್ಕ ಇರುತ್ತದೆ. ಪೂರ್ತಿ ಒಂದು ವರ್ಷದ್ದು ತೆಗೆಯಿರಿ. ಒಂದೇ ತಿಂಗಳದ್ದು ತೆಗೆದರೆ ಮೋಸ ಹೋಗುತ್ತೀರಿ, ಯಾಕೆಂದರೆ ವಿಶ್ವವಿದ್ಯಾಲಯಕ್ಕೆ ಕಾಲಗಳಿವೆ. ಪ್ರವೇಶದ ಕಾಲದಲ್ಲಿ ಕೋರ್ಸ್ ಮತ್ತು ಶುಲ್ಕ, ಸೆಮಿಸ್ಟರ್ ಕೊನೆಯಲ್ಲಿ ಟೈಮ್ ಟೇಬಲ್ ಮತ್ತು ಹಾಲ್ ಟಿಕೆಟ್, ಆಮೇಲೆ ರಿಸಲ್ಟ್, ಅದರ ಬೆನ್ನಿಗೇ ಮರುಮೌಲ್ಯಮಾಪನ.

ಎರಡನೆಯದು ಸೈಟಿನ ಒಳಗಿನ ಹುಡುಕಾಟದ ಪೆಟ್ಟಿಗೆ. ಅಲ್ಲಿ ಟೈಪ್ ಮಾಡಿದವರಲ್ಲಿ ಎಷ್ಟೋ ಜನ ಮೆನುವಿನಲ್ಲಿ ಹುಡುಕಿ ಸೋತವರು. ಆ ಪದಗಳ ಪಟ್ಟಿಯನ್ನು ಮೆನುವಿನ ಮೇಲೆ ಬಂದ ದೂರುಗಳೆಂದೇ ಓದಿ.

ಮೂರನೆಯದು ಕಚೇರಿಯ ಕೌಂಟರ್. ವಿಚಾರಣೆ ಕಿಟಕಿಯಲ್ಲಿ ಕೂತವರ ಪಕ್ಕ ಒಂದು ಬೆಳಗ್ಗೆ ಕೂತು, ಬರುವ ಪ್ರತಿ ಪ್ರಶ್ನೆಯನ್ನೂ ಕೇಳಿದವರ ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳಿ. "ಪಿಡಿಸಿ ಯಾವಾಗ ಕೊಡ್ತೀರಾ" (ಪಿಡಿಸಿ ಎಂದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ), "ಬ್ಯಾಕ್‌ಲಾಗ್‌ಗೆ ಫೀಸ್ ಕಟ್ಟೋಕೆ ಲಾಸ್ಟ್ ಡೇಟ್ ಯಾವಾಗ", "ಅಂಕಪಟ್ಟೀಲಿ ಅಪ್ಪನ ಹೆಸರು ತಪ್ಪಾಗಿದೆ, ಏನ್ ಮಾಡ್ಬೇಕು". ಇದನ್ನು ತಿದ್ದಿ ಕಚೇರಿ ಭಾಷೆಗೆ ತರಬೇಡಿ. ಐದನೇ ಹಂತದಲ್ಲಿ ಇದೇ ಪದಗಳು ಬೇಕಾಗುತ್ತವೆ.

ಮೂರೂ ಕಡೆಯಿಂದ ಬಂದದ್ದನ್ನು ಕೆಲಸಗಳಾಗಿ ಬರೆಯಿರಿ. "ಪರೀಕ್ಷಾ ಮಾಹಿತಿ" ಎನ್ನುವುದು ಕೆಲಸವಲ್ಲ. "ಹಾಲ್ ಟಿಕೆಟ್ ಡೌನ್‌ಲೋಡ್ ಮಾಡಬೇಕು" ಎನ್ನುವುದು ಕೆಲಸ. ಹೀಗೆ ಬರೆದ ಮೇಲೆ ಯಾವುದಕ್ಕೆ ಜನ ಹೆಚ್ಚು ಎಂದು ಸಾಲಾಗಿ ಜೋಡಿಸಿ. ಮೇಲಿನ ಹತ್ತು ಹನ್ನೆರಡು ಕೆಲಸಗಳಿಗೇ ಬಹುಪಾಲು ಜನ ಬಂದಿರುತ್ತಾರೆ. ಕುಲಪತಿಗಳ ಸಂದೇಶ ಈ ಸಾಲಿನಲ್ಲಿ ತೀರಾ ಕೆಳಗೆ ಇರುತ್ತದೆ. ಆ ಶೀಟನ್ನು ಹಾಗೇ ಸಭೆಯಲ್ಲಿ ತೋರಿಸಿ, ಮಾತು ಆಡುವುದಕ್ಕಿಂತ ಜಾಸ್ತಿ ಕೆಲಸ ಆಗುತ್ತದೆ.

## ಹಂತ 3: ಚೀಟಿ ಜೋಡಣೆ ಮಾಡಿಸಿ

ಕಾರ್ಡ್ ಸಾರ್ಟಿಂಗ್ ಎನ್ನುತ್ತಾರಲ್ಲ, ಅದೇ. ಎಲ್ಲರೂ ಹೆಸರು ಕೇಳಿರುತ್ತಾರೆ, ಮಾಡಿಸುವವರು ಕಡಿಮೆ. ಇಡೀ ಕೆಲಸದಲ್ಲಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಕಲಿಸುವ ಹಂತ ಇದು. ಬಿಡಬೇಡಿ.

ಪಟ್ಟಿಯಿಂದ 40ರಿಂದ 60 ವಿಷಯ ಆರಿಸಿ. ಒಂದು ಚೀಟಿಗೆ ಒಂದು ವಿಷಯ. ಹಿಂದೆ ಸಣ್ಣದಾಗಿ ನಂಬರ್ ಹಾಕಿ. ಜನ ಯಾರು? ನಿಜವಾಗಿ ಸೈಟ್ ಬಳಸುವವರು. ಮೊದಲ ವರ್ಷದ ವಿದ್ಯಾರ್ಥಿ, ಓದು ಮುಗಿಸಿ ಕೆಲಸಕ್ಕೆ ಸೇರಿದವರು, ಒಬ್ಬ ಪೋಷಕರು, ಸಂಯೋಜಿತ ಕಾಲೇಜಿನ ಗುಮಾಸ್ತರು, ಪಿಎಚ್‌ಡಿ ಮಾಡುತ್ತಿರುವವರು. ಈ ವಿಷಯದಲ್ಲಿ ಹೆಸರಾದ ಯಾಕೋಬ್ ನೀಲ್ಸನ್ ಅವರ ಸಲಹೆ 15 ಜನ. ಅಷ್ಟು ಜನರಿಂದ ದಾರಿ ಚೆನ್ನಾಗಿ ಕಾಣುತ್ತದೆ.

ಒಬ್ಬೊಬ್ಬರನ್ನೇ ಕೂರಿಸಿ. ಚೀಟಿಗಳನ್ನು ಕಲಸಿ ಮೇಜಿನ ಮೇಲೆ ಹರಡಿ. "ಯಾವುದು ಯಾವುದರ ಜೊತೆ ಇರಬೇಕು ಅನ್ನಿಸುತ್ತೋ ಹಾಗೆ ಗುಂಪು ಮಾಡಿ. ಆಮೇಲೆ ಗುಂಪಿಗೆ ಒಂದು ಹೆಸರು ಕೊಡಿ" ಎನ್ನಿ. ಇಷ್ಟೇ ಹೇಳಿ. ಎಷ್ಟು ಗುಂಪು ಎಂದು ಹೇಳಬೇಡಿ. ಅವರು ಚೀಟಿ ಹಿಡಿದು ತಡವರಿಸಿದಾಗ ಸಹಾಯಕ್ಕೆ ಹೋಗಬೇಡಿ, ಆ ಚೀಟಿಯ ನಂಬರ್ ಬರೆದುಕೊಳ್ಳಿ. ತಡವರಿಸಿದ ಜಾಗದಲ್ಲೇ ನಿಮ್ಮ ಮೆನು ಮುಂದೆ ಸೋಲುವುದು.

ಮುಗಿದ ಮೇಲೆ ಒಂದು ಫೋಟೋ ತೆಗೆಯಿರಿ, ಗುಂಪಿನ ಹೆಸರು ಮತ್ತು ನಂಬರ್‌ಗಳನ್ನು ಶೀಟಿಗೆ ಹಾಕಿ.

ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. ಚೀಟಿಗಳ ಮೇಲೆ "ಪರೀಕ್ಷಾ ಶುಲ್ಕ", "ಪರೀಕ್ಷಾ ವೇಳಾಪಟ್ಟಿ", "ಪರೀಕ್ಷಾ ಸುತ್ತೋಲೆ" ಎಂದು ಬರೆದರೆ ಜನ ಅರ್ಥ ನೋಡುವುದಿಲ್ಲ. "ಪರೀಕ್ಷಾ" ಎಂಬ ಪದ ಕಂಡದ್ದೆಲ್ಲ ಒಂದು ಕಡೆ ಹಾಕಿಬಿಡುತ್ತಾರೆ. ನಿಮಗೆ ಬೇಕಾದ ಉತ್ತರ ಸಿಕ್ಕಿತು ಅನ್ನಿಸುತ್ತದೆ, ಆದರೆ ಅದನ್ನು ಹೇಳಿಕೊಟ್ಟವರು ನೀವೇ. "ಬ್ಯಾಕ್‌ಲಾಗ್‌ಗೆ ಹಣ ಕಟ್ಟುವುದು", "ಯಾವ ದಿನ ಯಾವ ಪೇಪರ್" ಎಂದು ಬಿಡಿಸಿ ಬರೆಯಿರಿ.

ಫಲಿತಾಂಶ ಓದುವಾಗ ಎಲ್ಲರೂ ಒಪ್ಪಿದ ಗುಂಪುಗಳಿಗಿಂತ ಎರಡು ಕಡೆ ಹಂಚಿಹೋದ ಚೀಟಿಗಳನ್ನು ಹೆಚ್ಚು ನೋಡಿ. ಹಾಸ್ಟೆಲ್ ಶುಲ್ಕವನ್ನು ಅರ್ಧ ಜನ ಹಾಸ್ಟೆಲ್ ಗುಂಪಿಗೆ, ಅರ್ಧ ಜನ ಶುಲ್ಕದ ಗುಂಪಿಗೆ ಹಾಕಿದರೆ ಯಾರೂ ತಪ್ಪಿಲ್ಲ. ಪುಟ ಒಂದು ಕಡೆ ಇರಲಿ, ಇನ್ನೊಂದು ಕಡೆಯಿಂದ ಲಿಂಕ್ ಇರಲಿ. ಇಂಥ ಲಿಂಕ್‌ಗಳ ಪಟ್ಟಿಯನ್ನು ಇಲ್ಲೇ ಬರೆದಿಟ್ಟುಕೊಳ್ಳಿ.

## ಹಂತ 4: ಮರ ಕಟ್ಟಿ

ಈಗ ಬರೀ ಪಠ್ಯದಲ್ಲಿ ಮೆನುವಿನ ಮರ ಬರೆಯಿರಿ. ಶೀಟಿನ ಮೊದಲ ಕಾಲಂನಲ್ಲಿ ಮೇಲಿನ ಮಟ್ಟ, ಎರಡನೆಯದರಲ್ಲಿ ಅದರ ಒಳಗಿನದು, ಮೂರನೆಯದರಲ್ಲಿ ಅದರೊಳಗಿನದು. ನಾಲ್ಕನೇ ಕಾಲಂ ಬೇಕು ಅನ್ನಿಸಿದರೆ ಹಿಂದಿನ ಹಂತಕ್ಕೆ ಹೋಗಿ ಮತ್ತೆ ನೋಡಿ.

ಅತಿ ದೊಡ್ಡ ತಪ್ಪು ಆಗುವುದು ಇಲ್ಲಿ. ಸಂಸ್ಥೆಯ ಆಡಳಿತದ ನಕ್ಷೆಯನ್ನೇ ಮೆನು ಮಾಡಿಬಿಡುತ್ತಾರೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷೆ ನೋಡಿಕೊಳ್ಳುವವರು ಕುಲಸಚಿವರು (ಮೌಲ್ಯಮಾಪನ). ಹಾಗಾಗಿ ಮೆನುವಿನಲ್ಲಿ "ಆಡಳಿತ", ಅದರೊಳಗೆ "ಕುಲಸಚಿವರು (ಮೌಲ್ಯಮಾಪನ)", ಅದರೊಳಗೆ "ಅಧಿಸೂಚನೆಗಳು", ಅದರೊಳಗೆ ಎಲ್ಲೋ ಫಲಿತಾಂಶ. ಒಳಗೆ ಕೆಲಸ ಮಾಡುವವರಿಗೆ ಇದು ಸರಿಯಾಗಿಯೇ ಕಾಣುತ್ತದೆ, ಅವರಿಗೆ ಕಡತ ಓಡಾಡುವ ದಾರಿ ಅದೇ ತಾನೆ. ಆದರೆ ಬಿಕಾಂ ಎರಡನೇ ಸೆಮಿಸ್ಟರ್ ಹುಡುಗಿಗೆ ಕುಲಸಚಿವರು ಇಬ್ಬರಿದ್ದಾರೆ ಎಂದೇ ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ.

ಚೀಟಿ ಜೋಡಣೆಯಲ್ಲಿ ಬಂದ ಗುಂಪುಗಳನ್ನು ಹಿಡಿದು ಕಟ್ಟಿದರೆ ಮೇಲಿನ ಮಟ್ಟ ಸುಮಾರಾಗಿ ಹೀಗೆ ಬರುತ್ತದೆ:

- ಅಡ್ಮಿಷನ್: ಕೋರ್ಸ್‌ಗಳು, ಅರ್ಹತೆ, ಶುಲ್ಕ, ಅರ್ಜಿ, ಕಾಲೇಜುಗಳ ಪಟ್ಟಿ
- ಓದು: ಪಠ್ಯಕ್ರಮ, ವರ್ಷದ ಕ್ಯಾಲೆಂಡರ್, ವಿಭಾಗಗಳು, ಗ್ರಂಥಾಲಯ, ಹಾಸ್ಟೆಲ್, ಸ್ಕಾಲರ್‌ಶಿಪ್
- ಪರೀಕ್ಷೆ ಮತ್ತು ಫಲಿತಾಂಶ: ಟೈಮ್ ಟೇಬಲ್, ಪರೀಕ್ಷಾ ಶುಲ್ಕ, ಹಾಲ್ ಟಿಕೆಟ್, ಫಲಿತಾಂಶ, ಮರುಮೌಲ್ಯಮಾಪನ
- ಪ್ರಮಾಣಪತ್ರಗಳು: ಅಂಕಪಟ್ಟಿ, ಪಿಡಿಸಿ, ಘಟಿಕೋತ್ಸವ, ಮೈಗ್ರೇಷನ್, ಹೆಸರು ತಿದ್ದುಪಡಿ
- ಸಂಶೋಧನೆ: ಪಿಎಚ್‌ಡಿ, ಮಾರ್ಗದರ್ಶಕರು, ಪ್ರಕಟಣೆಗಳು
- ವಿಶ್ವವಿದ್ಯಾಲಯದ ಬಗ್ಗೆ: ಆಡಳಿತ, ಅಧಿಕಾರಿಗಳು, ಸಿಂಡಿಕೇಟ್, ಸಂಪರ್ಕ

ಓದಲು ಸೇರುವುದು, ಓದುವುದು, ಪರೀಕ್ಷೆ ಬರೆಯುವುದು, ಮುಗಿಸಿ ಹೊರಡುವುದು. ವಿದ್ಯಾರ್ಥಿಯ ದಿನಗಳು ಸಾಗುವ ಕ್ರಮದಲ್ಲೇ ಮೆನು ಇದೆ, ನೋಡಿ. "ಪ್ರಮಾಣಪತ್ರಗಳು" ಬೇರೆಯಾಗಿ ನಿಂತದ್ದೂ ಅದಕ್ಕೇ. ಪಿಡಿಸಿಗೆ ಬರುವವರು ಕಾಲೇಜು ಬಿಟ್ಟು ವರ್ಷಗಳಾಗಿರಬಹುದು, ಅವರು "ಪರೀಕ್ಷೆ" ಎಂಬ ಪದದ ಕೆಳಗೆ ಹುಡುಕುವುದಿಲ್ಲ.

"ಏಳಕ್ಕಿಂತ ಜಾಸ್ತಿ ಇರಬಾರದಂತೆ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಬರೆದ ಲೇಖನದಿಂದ ಬಂದದ್ದು, ನೆನಪಿನಲ್ಲಿ ಇಟ್ಟುಕೊಳ್ಳುವ ಶಕ್ತಿಗೆ ಸಂಬಂಧಿಸಿದ್ದು. ಮೆನು ಕಣ್ಣೆದುರೇ ಇರುತ್ತದೆ, ಯಾರೂ ಬಾಯಿಪಾಠ ಮಾಡಬೇಕಿಲ್ಲ. ಎಂಟು ಸ್ಪಷ್ಟ ಹೆಸರುಗಳು ಐದು ಮಸುಕಾದ ಹೆಸರುಗಳಿಗಿಂತ ಮೇಲು. ಮೇಲಿನ ಸಾಲನ್ನು ಕಿರಿದು ಮಾಡಲು ಹೋಗಿ ಒಳಗೆ ನಾಲ್ಕು ಮಟ್ಟ ಇಳಿಸಬೇಡಿ.

"ವಿದ್ಯಾರ್ಥಿಗಳಿಗೆ", "ಸಿಬ್ಬಂದಿಗೆ", "ಸಾರ್ವಜನಿಕರಿಗೆ" ಎಂದು ಜನರ ಮೇಲೆ ಮೆನು ಒಡೆಯುವುದೂ ಸುಲಭವಾಗಿ ಕಾಣುತ್ತದೆ. ಮಗಳ ಫಲಿತಾಂಶ ನೋಡಲು ಬಂದ ತಂದೆ ಯಾವುದನ್ನು ಒತ್ತಬೇಕು? ಓದು ಮುಗಿಸಿದವರು ವಿದ್ಯಾರ್ಥಿಯೋ ಸಾರ್ವಜನಿಕರೋ? ಇದನ್ನು ಮುಖ್ಯ ಮೆನು ಮಾಡಬೇಡಿ. ಬೇಕೇ ಬೇಕು ಅಂದರೆ ಮುಖಪುಟದ ಕೆಳಭಾಗದಲ್ಲಿ ಹೆಚ್ಚುವರಿ ದಾರಿಯಾಗಿ ಇರಲಿ.

ಕಾನೂನಿನ ಪ್ರಕಾರ, ನಿಯಮದ ಪ್ರಕಾರ ಇರಲೇಬೇಕಾದ ಪುಟಗಳಿವೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಸಂಸ್ಥೆ ತಾನಾಗಿಯೇ ಪ್ರಕಟಿಸಬೇಕಾದ ಮಾಹಿತಿ, ರ‍್ಯಾಗಿಂಗ್ ತಡೆ, ಆಂತರಿಕ ದೂರು ಸಮಿತಿ, ನ್ಯಾಕ್ (ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ಮಂಡಳಿ) ವರದಿಗಳು. ಇವೆಲ್ಲ ಮೇಲಿನ ಸಾಲಿಗೇ ಬರಬೇಕಿಲ್ಲ. ಎಲ್ಲ ಪುಟದಲ್ಲೂ ಕಾಣುವ ಅಡಿಪಟ್ಟಿಯಲ್ಲಿ ಅಂದವಾಗಿ ಗುಂಪು ಮಾಡಿ ಇಟ್ಟರೆ ಬೇಕಾದವರಿಗೆ ಸಿಗುತ್ತವೆ. ಆದರೆ ರ‍್ಯಾಗಿಂಗ್ ದೂರು ಕೊಡುವ ಲಿಂಕ್ ಅಡಿಯಲ್ಲಿ ಮಾತ್ರ ಇರುವುದು ನನಗೆ ಒಪ್ಪಿಗೆಯಿಲ್ಲ. ತೊಂದರೆಯಲ್ಲಿರುವ ಹುಡುಗನಿಗೆ ಪುಟದ ತಳದವರೆಗೆ ಇಳಿಯುವ ತಾಳ್ಮೆ ಇರುವುದಿಲ್ಲ. "ಓದು" ಒಳಗೆ, ಹಾಸ್ಟೆಲ್ ಪಕ್ಕದಲ್ಲೂ ಅದು ಇರಲಿ.

ಎಚ್ಚರಿಕೆಯ ಗುರುತು: ಮರದಲ್ಲಿ "ಇತರೆ", "ಉಪಯುಕ್ತ ಲಿಂಕ್‌ಗಳು", "ಮಾಹಿತಿ" ಎಂಬ ಹೆಸರು ಬಂದರೆ ಅಲ್ಲಿ ಗುಂಪು ಸರಿಯಾಗಿಲ್ಲ ಎಂದರ್ಥ.

## ಹಂತ 5: ಹೆಸರಿಡಿ

ಕೌಂಟರ್‌ನಲ್ಲಿ ಬರೆದುಕೊಂಡ ಪದಗಳನ್ನು ಈಗ ತೆಗೆಯಿರಿ. ಜನ ಬಳಸುವ ಪದವೇ ಮೆನುವಿನ ಪದ. "ಹಾಲ್ ಟಿಕೆಟ್" ಕನ್ನಡವಲ್ಲ ಎಂದು "ಪ್ರವೇಶ ಪತ್ರ" ಎಂದು ಬರೆದರೆ ಏನಾಗುತ್ತದೆ? ಪಕ್ಕದಲ್ಲೇ "ಪ್ರವೇಶ" ಎಂಬ ಮೆನು ಇದ್ದರೆ ಹಾಲ್ ಟಿಕೆಟ್ ಬೇಕಾದವರು ಅಲ್ಲಿಗೆ ಹೋಗುತ್ತಾರೆ, ಅಡ್ಮಿಷನ್ ಬೇಕಾದವರು ಇಲ್ಲಿಗೆ ಬರುತ್ತಾರೆ. ಮೇಲಿನ ಪಟ್ಟಿಯಲ್ಲಿ "ಅಡ್ಮಿಷನ್" ಎಂದು ಇಟ್ಟದ್ದು ಇದಕ್ಕೇ. "ಫಲಿತಾಂಶ", "ಅಂಕಪಟ್ಟಿ" ಎಲ್ಲರ ಬಾಯಲ್ಲೂ ಇವೆ, ಅವು ಹಾಗೇ ಇರಲಿ.

ಮುಖ್ಯ ಪದ ಮೊದಲು ಬರಲಿ. ಜನ ಮೆನು ಓದುವುದಿಲ್ಲ, ಮೊದಲ ಪದದ ಮೇಲೆ ಕಣ್ಣು ಹಾಯಿಸುತ್ತಾರೆ. "2025ನೇ ಸಾಲಿನ ಸ್ನಾತಕ ಪದವಿ ಫಲಿತಾಂಶ" ಬೇಡ. "ಫಲಿತಾಂಶ: ಡಿಗ್ರಿ" ಸಾಕು. ಇಂಗ್ಲಿಷ್ ಮೆನುವನ್ನು ಪದಕ್ಕೆ ಪದ ಕನ್ನಡಕ್ಕೆ ತಂದು ಕನ್ನಡ ಮೆನು ಮಾಡಬೇಡಿ. ಮರ ಒಂದೇ ಇರಲಿ, ಹೆಸರುಗಳನ್ನು ಎರಡೂ ಭಾಷೆಯಲ್ಲಿ ಬೇರೆ ಬೇರೆಯಾಗಿ ಯೋಚಿಸಿ. ಲಿಂಕ್ ಒತ್ತಿದರೆ ಇಂಗ್ಲಿಷ್ ಪಿಡಿಎಫ್ ತೆರೆಯುತ್ತದೆ, ಅಥವಾ ಯುಯುಸಿಎಂಎಸ್‌ಗೆ ಹೋಗುತ್ತದೆ ಎಂದಾದರೆ ಹೆಸರಿನ ಪಕ್ಕದಲ್ಲೇ ಅದನ್ನು ಹೇಳಿ.

## ಹಂತ 6: ಬರೀ ಪಠ್ಯದ ಮರವನ್ನೇ ಪರೀಕ್ಷೆ ಮಾಡಿ

ಚಿತ್ರವಿಲ್ಲ, ಬಣ್ಣವಿಲ್ಲ, ಹುಡುಕಾಟದ ಪೆಟ್ಟಿಗೆಯಿಲ್ಲ. ಮರದ ಮೇಲಿನ ಮಟ್ಟವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿ, ಒಂದು ಕೆಲಸ ಹೇಳಿ, "ಎಲ್ಲಿ ಹೋಗ್ತೀರಿ?" ಎಂದು ಕೇಳಿ. ಅವರು ಆರಿಸಿದ ಹೆಸರಿನ ಒಳಗಿನ ಪಟ್ಟಿಯ ಹಾಳೆ ಕೊಡಿ. ಹಿಂದೆ ಹೋಗಬೇಕು ಅಂದರೆ ಬಿಡಿ, ಆದರೆ ಬರೆದುಕೊಳ್ಳಿ. ಆನ್‌ಲೈನ್‌ನಲ್ಲಿ ಮಾಡುವುದಾದರೆ ಆಪ್ಟಿಮಲ್ ವರ್ಕ್‌ಶಾಪ್‌ನಂಥ ಸೇವೆಗಳಿವೆ. ಆಗ ಸುಮಾರು 50 ಜನರಿಂದ ಮಾಡಿಸಿದರೆ ಅಂಕಿಗಳನ್ನು ನಂಬಬಹುದು.

ಕೆಲಸ ಹೇಳುವಾಗ ಮೆನುವಿನ ಪದ ಬಳಸಬಾರದು. "ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ" ಎಂದರೆ ಆ ಪದವನ್ನೇ ಹುಡುಕಿ ತೋರಿಸುತ್ತಾರೆ, ನಿಮಗೆ ಏನೂ ತಿಳಿಯುವುದಿಲ್ಲ. ಹೀಗೆ ಹೇಳಿ: "ಅಕೌಂಟ್ಸ್ ಪೇಪರ್‌ನಲ್ಲಿ ನೀವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ ಅಂಕ ಬಂದಿದೆ. ಇನ್ನೊಬ್ಬರಿಂದ ನೋಡಿಸಬೇಕು."

ಮೂರು ವಿಷಯ ಲೆಕ್ಕ ಹಾಕಿ: ಸರಿಯಾದ ಜಾಗ ತಲುಪಿದವರು ಎಷ್ಟು, ಒಮ್ಮೆಯೂ ಹಿಂದೆ ಹೋಗದೆ ತಲುಪಿದವರು ಎಷ್ಟು, ಮೊದಲ ಆಯ್ಕೆ ಎಲ್ಲಿತ್ತು. ಮೊದಲ ಆಯ್ಕೆ ಹೆಚ್ಚು ಮಾತಾಡುತ್ತದೆ. ಬಹಳ ಜನ ಒಂದೇ ತಪ್ಪು ಹೆಸರಿಗೆ ಹೋದರೆ ಆ ಹೆಸರು ಕೆಟ್ಟಿದೆ, ಇಲ್ಲವೇ ಪುಟ ಅಲ್ಲಿಯೇ ಇರಬೇಕಿತ್ತು. ಎಲ್ಲರೂ ಬೇರೆ ಬೇರೆ ಕಡೆ ಚದುರಿದರೆ ಮೇಲಿನ ಮಟ್ಟವೇ ಮಸುಕಾಗಿದೆ. ತಿದ್ದಿ, ಇನ್ನೊಮ್ಮೆ ಪರೀಕ್ಷೆ ಮಾಡಿ. ಇಲ್ಲಿ ತಿದ್ದುವುದು ಹಾಳೆಯ ಮೇಲಿನ ಒಂದು ಪದ. ಸೈಟ್ ಆದ ಮೇಲೆ ತಿದ್ದುವುದು ವಾರಗಟ್ಟಲೆಯ ಕೆಲಸ.

## ಹಂತ 7: ಈಗ ಮೆನುವಿನ ರೂಪ

ಮೇಲಿನ ಸಾಲಿಗೆ ಆರೇಳು ಹೆಸರು, ಒತ್ತಿದರೆ ಒಳಗಿನದೆಲ್ಲ ಒಂದೇ ಬಾರಿಗೆ ಕಾಣುವ ಅಗಲ ಫಲಕ. ಇದನ್ನೇ ಮೆಗಾ ಮೆನು ಎನ್ನುವುದು. ಒಳಪುಟಗಳಲ್ಲಿ ಪಕ್ಕಕ್ಕೆ ಆ ಭಾಗದ್ದೇ ಮೆನು, ಮೇಲೆ "ಮುಖಪುಟ › ಪರೀಕ್ಷೆ ಮತ್ತು ಫಲಿತಾಂಶ › ಹಾಲ್ ಟಿಕೆಟ್" ಎಂಬ ದಾರಿಯ ಸಾಲು. ವಿಶ್ವವಿದ್ಯಾಲಯದ ಸೈಟಿಗೆ ಈ ಮೂರು ಸೇರಿದರೆ ಸಾಕು. ಗೂಗಲ್‌ನಿಂದ ನೇರ ಒಳಪುಟಕ್ಕೆ ಬಿದ್ದವರಿಗೆ ತಾವು ಎಲ್ಲಿದ್ದೇವೆ ಎಂದು ತಿಳಿಸುವುದು ದಾರಿಯ ಸಾಲು ಮಾತ್ರ.

ಮೌಸ್ ಮೇಲೆ ಹೋದ ಕೂಡಲೇ ತೆರೆಯುವ ಮೆನು ಬೇಡ, ಒತ್ತಿದರೆ ತೆರೆಯಲಿ. ಒಂದು ಕಾರಣ, ಫೋನಿನಲ್ಲಿ ಮೌಸ್ ಇಲ್ಲ. ಇನ್ನೊಂದು, ಒಳಗಿನ ಮೆನುವಿಗೆ ಮೌಸ್ ಓರೆಯಾಗಿ ಸರಿಸುವಾಗ ಪಕ್ಕದ ಹೆಸರು ತಾಗಿ ಬೇರೆ ಫಲಕ ತೆರೆದುಬಿಡುತ್ತದೆ. ಮೆನುವಿನ ಒಳಗಿಂದ ಇನ್ನೊಂದು, ಅದರ ಒಳಗಿಂದ ಮತ್ತೊಂದು ಪಕ್ಕಕ್ಕೆ ಚಾಚುವ ಮೆನುಗಳನ್ನಂತೂ ಪೂರ್ತಿ ಬಿಟ್ಟುಬಿಡಿ. ವಯಸ್ಸಾದವರು, ಕೈ ನಡುಗುವವರು ಅವನ್ನು ಹಿಡಿಯಲಾರರು.

## ಹಂತ 8: ಫೋನ್

ಮೂರು ಗೆರೆಯ ಗುರುತಿನ ಪಕ್ಕದಲ್ಲಿ "ಮೆನು" ಎಂದು ಬರೆಯಿರಿ. ಆದರೂ ಮುಚ್ಚಿಟ್ಟ ಮೆನುವನ್ನು ಬಹಳ ಜನ ತೆರೆಯುವುದೇ ಇಲ್ಲ. ಎರಡನೇ ಹಂತದಲ್ಲಿ ಮೇಲೆ ಬಂದ ಐದಾರು ಕೆಲಸಗಳನ್ನು ಮುಖಪುಟದ ಮೇಲ್ಭಾಗದಲ್ಲೇ ದೊಡ್ಡ ಬಟನ್‌ಗಳಾಗಿ ಇಡಿ. ಯಾವ ಕಾಲವೋ ಆ ಕಾಲದ ಕೆಲಸ ಮೊದಲಿರಲಿ. ಮೆನುವಿನ ಒಳಗಿನ ಕ್ರಮವನ್ನು ಮಾತ್ರ ಕಾಲಕ್ಕೆ ತಕ್ಕಂತೆ ಬದಲಿಸಬೇಡಿ, ಜನ ಜಾಗ ನೆನಪಿಟ್ಟುಕೊಂಡಿರುತ್ತಾರೆ.

ಒತ್ತುವ ಜಾಗ ಚಿಕ್ಕದಾಗಬಾರದು. 2023ರಲ್ಲಿ ಬಂದ ಡಬ್ಲ್ಯೂಸಿಎಜಿ 2.2 (ಅಂಗವಿಕಲರಿಗೂ ಬಳಸಲು ಬರುವಂತೆ ಸೈಟ್ ಕಟ್ಟುವ ಅಂತರರಾಷ್ಟ್ರೀಯ ಮಾನದಂಡ) ಕನಿಷ್ಠ 24 ಪಿಕ್ಸೆಲ್ ಎನ್ನುತ್ತದೆ. ಮೆನುವಿಗೆ ಅದು ಸಾಲದು, 44 ಇಡಿ. ಹೆಸರು ಒತ್ತಿದರೆ ಪುಟಕ್ಕೆ ಹೋಗುವುದು, ಪಕ್ಕದ ಬಾಣ ಒತ್ತಿದರೆ ಒಳಗಿನದು ತೆರೆಯುವುದು ಎಂಬ ಜೋಡಣೆ ಫೋನಿನಲ್ಲಿ ಬರೀ ಗೊಂದಲ. ಇಡೀ ಸಾಲು ಒಂದೇ ಕೆಲಸ ಮಾಡಲಿ.

## ಹಂತ 9: ಕನ್ನಡ ಅಕ್ಷರಕ್ಕೆ ಜಾಗ ಬಿಡಿ

ಸಿದ್ಧ ಥೀಮ್‌ಗಳೆಲ್ಲ ಇಂಗ್ಲಿಷ್ ಅಕ್ಷರ ನೋಡಿ ಮಾಡಿದವು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏರುತ್ತದೆ. ಸಾಲಿನ ಎತ್ತರ 1.2 ಇದ್ದು, ಮೀರಿದ್ದನ್ನು ಮರೆಮಾಡುವ ಸಿಎಸ್‌ಎಸ್ ಸಾಲೂ ಸೇರಿದರೆ ಒತ್ತು ಕತ್ತರಿಸಿ ಹೋಗುತ್ತದೆ. ಸಾಲಿನ ಎತ್ತರ 1.6ರಿಂದ ಶುರು ಮಾಡಿ. "ವಿದ್ಯಾರ್ಥಿ", "ಶೈಕ್ಷಣಿಕ", "ರಾಷ್ಟ್ರೀಯ" ಈ ಮೂರು ಪದ ಮೆನುವಿನಲ್ಲಿ ಹಾಕಿ ನೋಡಿ. ಅವು ಪೂರ್ತಿ ಕಂಡರೆ ಉಳಿದವೂ ಕಾಣುತ್ತವೆ.

ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಅಲಂಕಾರ ಕನ್ನಡ ಪುಟದಲ್ಲಿ ತೆಗೆದುಹಾಕಿ, ಪದ ಒಡೆದಂತೆ ಕಾಣುತ್ತದೆ. ಜಾಗ ಸಾಲದಿದ್ದರೆ ಎರಡು ಸಾಲಿಗೆ ಇಳಿಯಲಿ. ಮೂರು ಚುಕ್ಕಿ ಇಟ್ಟು ಪದ ಕತ್ತರಿಸಬೇಡಿ.

ಭಾಷೆ ಬದಲಿಸುವ ಬಟನ್ ಮೇಲೆ "ಕನ್ನಡ" ಎಂದು ಕನ್ನಡದಲ್ಲೇ ಬರೆದಿರಲಿ. ಅದನ್ನು ಒತ್ತಿದರೆ ಅದೇ ಪುಟದ ಕನ್ನಡ ರೂಪ ಬರಬೇಕು. ಮುಖಪುಟಕ್ಕೆ ಎಸೆಯುವ ಸೈಟುಗಳು ತುಂಬಾ ಇವೆ, ಹಾಲ್ ಟಿಕೆಟ್ ಪುಟ ಹುಡುಕಿಕೊಂಡು ಬಂದವರು ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

## ಹಂತ 10: ಕೀಬೋರ್ಡ್ ಮತ್ತು ಸ್ಕ್ರೀನ್ ರೀಡರ್

ಮೌಸ್ ಬದಿಗಿಟ್ಟು ಟ್ಯಾಬ್ ಕೀಲಿಯಲ್ಲೇ ಇಡೀ ಮೆನು ಓಡಾಡಿ. ಮೊದಲ ಟ್ಯಾಬ್‌ಗೆ "ಮುಖ್ಯ ವಿಷಯಕ್ಕೆ ಹೋಗಿ" ಎಂಬ ಲಿಂಕ್ ಬರಬೇಕು. ಈಗ ಯಾವ ಹೆಸರಿನ ಮೇಲಿದ್ದೇವೆ ಎಂದು ಕಾಣಬೇಕು. ಎಸ್ಕೇಪ್ ಒತ್ತಿದರೆ ಫಲಕ ಮುಚ್ಚಬೇಕು, ತೆರೆದ ಬಟನ್‌ಗೇ ವಾಪಸ್ ಬರಬೇಕು.

ಕೋಡ್ ಬರೆಯುವವರಿಗೆ ಒಂದು ಮಾತು. ಮೆನುವನ್ನು ನ್ಯಾವ್ ಟ್ಯಾಗಿನೊಳಗೆ ಮಾಮೂಲಿ ಪಟ್ಟಿಯಾಗಿ ಬರೆಯಿರಿ. ತೆರೆಯುವುದಕ್ಕೆ ನಿಜವಾದ ಬಟನ್ ಇರಲಿ, ಅದಕ್ಕೆ ಏರಿಯಾ-ಎಕ್ಸ್‌ಪ್ಯಾಂಡೆಡ್ ಇರಲಿ (ಏರಿಯಾ, ಅಂದರೆ ARIA, ಸ್ಕ್ರೀನ್ ರೀಡರ್‌ಗೆ ಸುಳಿವು ಕೊಡುವ ಕೋಡ್ ಗುರುತುಗಳು). ಈಗಿರುವ ಪುಟಕ್ಕೆ ಏರಿಯಾ-ಕರೆಂಟ್ ಹಾಕಿ. ಏರಿಯಾದಲ್ಲಿ ಮೆನು ಎಂಬ ರೋಲ್ ಇದೆ ಎಂದು ಅದನ್ನು ಹಾಕಬೇಡಿ. ಅದು ವರ್ಡ್, ಎಕ್ಸೆಲ್‌ನಂಥ ಸಾಫ್ಟ್‌ವೇರ್ ಮೆನುಗಳಿಗಾಗಿ ಇರುವುದು. ಹಾಕಿದರೆ ಸ್ಕ್ರೀನ್ ರೀಡರ್ ಬಾಣದ ಕೀಲಿಗಳನ್ನು ನಿರೀಕ್ಷಿಸುತ್ತದೆ, ಬಳಸುವವರು ಸಿಕ್ಕಿಹಾಕಿಕೊಳ್ಳುತ್ತಾರೆ. ಕನ್ನಡ ಪುಟಕ್ಕೆ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನಲ್ಲಿ ಹೇಳಿರಬೇಕು, ಇಲ್ಲವಾದರೆ ಓದುವ ದನಿಯೇ ತಪ್ಪುತ್ತದೆ.

ಸರ್ಕಾರಿ ಸೈಟುಗಳಿಗೆ ಕೇಂದ್ರ ಸರ್ಕಾರದ ಜಿಐಜಿಡಬ್ಲ್ಯೂ ಮಾರ್ಗಸೂಚಿ ಇದನ್ನೆಲ್ಲ ಕೇಳುತ್ತದೆ. ಆದರೆ ಕಡತಕ್ಕಾಗಿ ಮಾಡಬೇಡಿ. ನಿಮ್ಮ ವಿಶ್ವವಿದ್ಯಾಲಯದಲ್ಲೇ ಓದುತ್ತಿರುವ ದೃಷ್ಟಿಹೀನ ವಿದ್ಯಾರ್ಥಿಯೊಬ್ಬರನ್ನು ಕರೆದು, ಅವರ ಫೋನಿನಲ್ಲೇ ಹಾಲ್ ಟಿಕೆಟ್ ಹುಡುಕಲು ಹೇಳಿ, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ.

## ಹಂತ 11: ಬಿಡುಗಡೆ, ಮತ್ತು ಆಮೇಲೆ

ಪರೀಕ್ಷೆ ಅಥವಾ ಫಲಿತಾಂಶದ ವಾರದಲ್ಲಿ ಹೊಸ ಮೆನು ಬಿಡಬೇಡಿ. ಪುಟಗಳ ವಿಳಾಸ ಬದಲಾಗಿದ್ದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಿ. ವಾಟ್ಸಾಪ್ ಗುಂಪುಗಳಲ್ಲಿ ಹಳೆಯ ಲಿಂಕ್‌ಗಳು ವರ್ಷಗಟ್ಟಲೆ ಓಡಾಡುತ್ತವೆ, ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಸಾಲದು. ಹುಡುಕಾಟದ ಪೆಟ್ಟಿಗೆಗೆ "ಹಾಲ್ ಟಿಕೆಟ್", "ಪ್ರವೇಶ ಪತ್ರ" ಎರಡೂ ಒಂದೇ ಎಂದು ಕಲಿಸಿ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವ ರೂಪವನ್ನೂ ಸೇರಿಸಿ.

ಮೆನುವಿಗೆ ಹೊಸ ಹೆಸರು ಸೇರಿಸಲು ಒಂದು ನಿಯಮ ಬರೆದು, ಶುರುವಿನಲ್ಲಿ ಹೇಳಿದ ಅಧಿಕಾರಿಯ ಸಹಿ ಹಾಕಿಸಿ. ಕೇಳುವವರು ಮೂರು ವಿಷಯ ಬರೆದು ಕೊಡಬೇಕು: ಯಾವ ಕೆಲಸಕ್ಕೆ, ಯಾರಿಗೆ, ಯಾವ ದಿನ ತೆಗೆಯಬಹುದು. ಸುತ್ತೋಲೆ, ವಿಚಾರ ಸಂಕಿರಣ, ಟೆಂಡರ್ ಯಾವುದೂ ಮೆನುವಿಗೆ ಬರುವುದಿಲ್ಲ, ಅವುಗಳ ಜಾಗ ಸುದ್ದಿ ಪಟ್ಟಿ. ಮಿನುಗುವ "ಹೊಸತು" ಗುರುತು ಮೆನುವಿನಲ್ಲಿ ಕಾಣಿಸಿದ ದಿನವೇ ತೆಗೆಸಿ. ಒಂದಕ್ಕೆ ಒಪ್ಪಿದರೆ ತಿಂಗಳೊಳಗೆ ಎಲ್ಲ ಹೆಸರಿನ ಪಕ್ಕದಲ್ಲೂ ಮಿನುಗುತ್ತಿರುತ್ತದೆ.

ಬಿಡುಗಡೆಯಾದ ನಂತರದ ಮೊದಲ ಫಲಿತಾಂಶದ ವಾರ ವಿಚಾರಣೆ ಕಿಟಕಿಗೆ ಇನ್ನೊಮ್ಮೆ ಹೋಗಿ, ಮೊದಲು ಬರೆದುಕೊಂಡಂತೆಯೇ ಪ್ರಶ್ನೆಗಳನ್ನು ಬರೆದುಕೊಳ್ಳಿ. ಎರಡೂ ಪಟ್ಟಿ ಅಕ್ಕಪಕ್ಕ ಇಟ್ಟು ನೋಡಿ. "ಎಲ್ಲಿದೆ" ಎಂಬ ಪ್ರಶ್ನೆಗಳು ಇಳಿದಿರಬೇಕು. ಇನ್ನೂ ಉಳಿದಿರುವ ಪ್ರತಿ "ಎಲ್ಲಿದೆ"ಗೂ ಆರನೇ ಹಂತದ ಹಾಳೆ ತೆಗೆದು, ಆ ಒಂದು ಕೆಲಸಕ್ಕೆ ಮಾತ್ರ ಪರೀಕ್ಷೆ ಮಾಡಿ, ಆ ಒಂದು ಹೆಸರನ್ನು ಮಾತ್ರ ತಿದ್ದಿ.